ಇಂದಿನ ಧಮ್ಮ ಚಿಂತನೆ: ಚೀಟಿಯಲ್ಲಿ ತಂದ ವಿದ್ಯೆ

 

ಬಂಧುಗಳೇ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಮ್ಮ ಬಳಗದ ಅನೇಕ ಮನೆಗಳಲ್ಲಿ ಈಗ ಮಕ್ಕಳ ಪರೀಕ್ಷೆ ನಡೆದಿದೆ. ಆದ್ದರಿಂದ ಇವತ್ತು ಕಾಪಿ ಹೊಡೆಯುವ ವಿಷಯವನ್ನು ಧಮ್ಮದ ಬೆಳಕಿನಲ್ಲಿ ನೋಡೋಣ.

ಪಂಚಶೀಲದಲ್ಲಿ ಎರಡನೆಯದು ಅದಿನ್ನಾದಾನ, ಅಂದರೆ ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದು. ನಾಲ್ಕನೆಯದು ಮುಸಾವಾದ, ಸುಳ್ಳಾಡಬಾರದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿಯೂ ಇವೆರಡೂ ಇವೆ. ಪರೀಕ್ಷಾ ಕೋಣೆಯಲ್ಲಿ ಚೀಟಿ ಬಿಚ್ಚಿದ ಕ್ಷಣದಲ್ಲಿ ಇವೆರಡೂ ಒಟ್ಟಿಗೇ ಮುರಿಯುತ್ತವೆ. ಬೇರೆಯವರ ಮಾತನ್ನು ತೆಗೆದುಕೊಂಡದ್ದು ಕಳವು. ಅದರ ಕೆಳಗೆ ನಮ್ಮ ನಂಬರ್ ಬರೆದು "ಇದು ನನಗೆ ಗೊತ್ತು" ಎಂದದ್ದು ಸುಳ್ಳು.

"ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇ?" ಎಂದು ಕೆಲವರಿಗೆ ಅನಿಸಬಹುದು. ಅಂಥವರಿಗಾಗಿ ವಿನಯ ಪಿಟಕದ ಒಂದು ಪ್ರಸಂಗ ಹೇಳುತ್ತೇನೆ.

*ವಗ್ಗುಮುದಾ ನದಿ ತೀರದ ಭಿಕ್ಷುಗಳು*

ವಜ್ಜಿ ನಾಡಿನಲ್ಲಿ ಒಮ್ಮೆ ಬರ ಬಿತ್ತು. ಭಿಕ್ಷೆ ಸಿಗುವುದೇ ಕಷ್ಟವಾಯಿತು. ವಗ್ಗುಮುದಾ ನದಿ ತೀರದಲ್ಲಿ ವರ್ಷಾವಾಸ ಮಾಡುತ್ತಿದ್ದ ಭಿಕ್ಷುಗಳು ಒಂದು ಉಪಾಯ ಹೂಡಿದರು. ಗೃಹಸ್ಥರ ಮುಂದೆ ಒಬ್ಬರನ್ನೊಬ್ಬರು ಹೊಗಳತೊಡಗಿದರು. ಇವರು ಧ್ಯಾನದಲ್ಲಿ ಇಂಥ ಹಂತ ಮುಟ್ಟಿದ್ದಾರೆ, ಅವರು ಅರಹಂತರಾಗಿದ್ದಾರೆ ಎಂದು ಹೇಳಿಕೊಂಡರು. ಜನ ನಂಬಿದರು. ತಾವು ಉಣ್ಣದೆ, ಹೆಂಡತಿ ಮಕ್ಕಳಿಗೂ ಕೊಡದೆ, ಆ ಅನ್ನ ತಂದು ಇವರಿಗೆ ಬಡಿಸಿದರು. ವರ್ಷಾವಾಸ ಮುಗಿದು ಎಲ್ಲರೂ ವೈಶಾಲಿಗೆ ಬಂದಾಗ ಬೇರೆ ಭಿಕ್ಷುಗಳೆಲ್ಲ ಬಡಕಲಾಗಿದ್ದರು, ಇವರು ಮಾತ್ರ ದುಂಡಗೆ ಮೈತುಂಬಿಕೊಂಡಿದ್ದರು. ಬುದ್ಧರು ವಿಚಾರಿಸಿದರು, ವಿಷಯ ಹೊರಬಿತ್ತು.

ಹಸಿವೆಯಿಂದ ಮಾಡಿದ್ದು ಎಂದು ಬುದ್ಧರು ಅದನ್ನು ಬಿಟ್ಟುಬಿಡಲಿಲ್ಲ. ತನ್ನಲ್ಲಿ ಇಲ್ಲದ ಸಾಧನೆಯನ್ನು ಇದೆ ಎಂದು ಹೇಳಿಕೊಳ್ಳುವವನು ಕಳ್ಳರಲ್ಲೆಲ್ಲ ದೊಡ್ಡ ಕಳ್ಳ ಎಂದರು, ಏಕೆಂದರೆ ಅವನು ಊರಿನವರ ಅನ್ನವನ್ನು ಕದ್ದು ಉಂಡಿರುತ್ತಾನೆ. ಭಿಕ್ಷುವನ್ನು ಸಂಘದಿಂದಲೇ ಹೊರಗಿಡುವ ನಾಲ್ಕು ಪಾರಾಜಿಕಗಳಲ್ಲಿ ನಾಲ್ಕನೆಯದು ಇದೇ.

ಈ ಪ್ರಸಂಗ ಓದಿದಾಗಲೆಲ್ಲ ನನಗೆ ನಮ್ಮ ಮನೆಗಳು ಕಣ್ಣಮುಂದೆ ಬರುತ್ತವೆ. ಪೇಪರ್ ಮಿಲ್ಲಿನ ಗುತ್ತಿಗೆ ಕೆಲಸ, ಕಬ್ಬು ಕಡಿಯುವ ಕೂಲಿ, ಮನೆಗೆಲಸ ಮಾಡಿ ತಾಯಿ ತಂದೆ ಫೀ ಕಟ್ಟುತ್ತಾರೆ. ತಾವು ಉಣ್ಣದೆ ಬಡಿಸುವವರು ಇವರೇ. ಕಲಿಯದೆ ಪಡೆದ ಮಾರ್ಕ್ಸ್ ಕಾರ್ಡನ್ನು ಇವರ ಕೈಗಿಟ್ಟರೆ, ಕದ್ದದ್ದು ಇವರ ಅನ್ನವನ್ನೇ.

*"ನಮ್ಮ ಹುಡುಗ ಅದಾನ್ರಿ"*

ನಾನು ಪದವಿ ತರಗತಿಗಳಿಗೆ ಪಾಠ ಹೇಳುವವನು. ಕೆಲ ವರ್ಷಗಳ ಹಿಂದೆ ಈ ಭಾಗದ ಒಂದು ಕಾಲೇಜಿನಲ್ಲಿ ಪರೀಕ್ಷೆ ಮೇಲ್ವಿಚಾರಣೆ ಮಾಡುವಾಗ ಒಬ್ಬ ಹುಡುಗನ ಬಳಿ ಮೈಕ್ರೋ ಝೆರಾಕ್ಸ್ ಸಿಕ್ಕಿತು. ನಮ್ಮವನೇ. ಸಂಜೆಗೆ ನಮ್ಮ ಹಿರಿಯರಿಬ್ಬರು ಮನೆಗೆ ಬಂದರು. "ಸರ, ನಮ್ಮ ಹುಡುಗ ಅದಾನ್ರಿ, ಒಂದ್ ಸಲ ಬಿಟ್ಟುಬಿಡ್ರಿ. ದೊಡ್ಡ ಮನಿ ಹುಡುಗರು ಹೊಡದ್ರ ಯಾರೂ ಕೇಳಂಗಿಲ್ಲ, ನಮ್ಮವರಷ್ಟ ಯಾಕ ಸಿಗಬೇಕು?" ಎಂದರು.

ಅವರ ಮಾತಿನಲ್ಲಿ ನೋವಿತ್ತು, ಆ ನೋವು ಸುಳ್ಳಲ್ಲ. ಬೇರೆ ಹುಡುಗ ಸಿಕ್ಕಿಬಿದ್ದರೆ ಅವನೊಬ್ಬನ ತಪ್ಪು, ನಮ್ಮವನು ಸಿಕ್ಕರೆ ಇಡೀ ಕೇರಿಗೆ ಮಾತು. "ಮೀಸಲಾತಿಯವರು" ಎಂದು ಮೂಗು ಮುರಿಯುವವರು ಕಾದೇ ಕೂತಿರುತ್ತಾರೆ. ನಾನು ಅವರಿಗೆ ಹೇಳಿದೆ: "ಕಾಕಾ, ಆ ಕೋಣೆಯೊಳಗ ಎಲ್ಲಾ ಬೆಂಚೂ ಒಂದೇ ಥರಾ ನೋಡೀನಿ. ಇನ್ನೊಂದು ಜಾತಿಯ ಹುಡುಗನ ಹತ್ರ ಸಿಕ್ಕಿದ್ರೂ ಇದನ್ನ ಮಾಡ್ತಿದ್ದೆ. ಇವನನ್ನ ಬಿಟ್ರ, ಇವನ ಹಿಂದಿನ ಬೆಂಚಿನಾಗ ಓದಿಕೊಂಡು ಬಂದು ಬರದ ನಮ್ಮ ಹುಡುಗಿಗೆ ಏನು ಹೇಳ್ಲಿ?"

ವರದಿ ಹೋಯಿತು. ಆ ಪೇಪರ್ ರದ್ದಾಯಿತು. ವಿಚಾರಣೆಯ ದಿನ ನಾನು ಅವನ ಜೊತೆಗೇ ಹೋದೆ. ನಡೆದದ್ದನ್ನು ನಡೆದಂತೆ ಹೇಳು, ಒಂದು ಮಾತು ಹೆಚ್ಚಲ್ಲ, ಕಡಿಮೆಯಲ್ಲ ಎಂದಿದ್ದೆ. ಹಾಗೇ ಹೇಳಿದ. ಮುಂದಿನ ಸೆಮಿಸ್ಟರ್ ಪೂರ್ತಿ ಭಾನುವಾರ ವಂದನೆ ಮುಗಿದ ಮೇಲೆ ಒಂದು ತಾಸು ಕೂತು ಆ ವಿಷಯವನ್ನೇ ಓದಿದೆವು. ಚೀಟಿಯಲ್ಲಿದ್ದ ಉತ್ತರ ಅವನಿಗೆ ಅರ್ಥವೇ ಆಗಿರಲಿಲ್ಲ. ಅರ್ಥವಾದಾಗ "ಇಷ್ಟೇ ಏನ್ರಿ ಸರ?" ಎಂದ.

*ಶಿಕ್ಷೆ ಮತ್ತು ಮರಳುವ ದಾರಿ*

ತಪ್ಪು ಮಾಡಿದವನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನೂ ವಿನಯ ಕಲಿಸುತ್ತದೆ. ಆರೋಪಿ ಎದುರಿಗಿಲ್ಲದೆ ತೀರ್ಪಿಲ್ಲ. ತಿಳಿಯದೆ, ನಿಜವಾಗಿ ಹಾಗೇ ಭಾವಿಸಿ ಹೇಳಿದವನಿಗೆ ಪಾರಾಜಿಕ ಇಲ್ಲ. ಸಣ್ಣ ತಪ್ಪುಗಳು ಒಪ್ಪಿಕೊಂಡರೆ ತೀರುತ್ತವೆ. ಸಂಘಾದಿಶೇಷದಂಥ ದೊಡ್ಡ ತಪ್ಪಿಗೆ ಮುಚ್ಚಿಟ್ಟಷ್ಟು ದಿನ ಪರಿವಾಸ, ಅದಾದ ಮೇಲೆ ಆರು ರಾತ್ರಿಯ ಮಾನತ್ತ. ಅದು ಮುಗಿದ ಮೇಲೆ ಕನಿಷ್ಠ 20 ಭಿಕ್ಷುಗಳು ಸೇರಿ ಅವನನ್ನು ಮರಳಿ ಸಂಘಕ್ಕೆ ಕರೆದುಕೊಳ್ಳುತ್ತಾರೆ. ಗಮನಿಸಿ, ಮುಚ್ಚಿಟ್ಟಷ್ಟೂ ಪರಿವಾಸ ಬೆಳೆಯುತ್ತದೆ. ಮುಚ್ಚಿಡಲು ನೆರವಾಗುವ ಹಿರಿಯರು ಹುಡುಗನಿಗೆ ಉಪಕಾರ ಮಾಡುತ್ತಿಲ್ಲ.

ನಮ್ಮ ವಿಶ್ವವಿದ್ಯಾಲಯಗಳ ನಿಯಮದಲ್ಲೂ ಇಂಥ ಮೆಟ್ಟಿಲುಗಳಿವೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಶೇ 10ರಿಂದ 40ರಷ್ಟು ಹೋಲಿಕೆ ಕಂಡರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು.

*ನಷ್ಟ ಯಾರಿಗೆ?*

ಪಿಎಸ್‌ಐ ಪರೀಕ್ಷೆಯ ಹಗರಣ ನಿಮಗೆ ನೆನಪಿದೆ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು, 50 ಸಾವಿರಕ್ಕೂ ಹೆಚ್ಚು ಜನ ಬರೆದರು. ಓಎಂಆರ್ ಹಾಳೆ ತಿದ್ದಿದ ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಲಕ್ಷಗಟ್ಟಲೆ ಎಣಿಸಿ ಕೊಡುವ ಶಕ್ತಿ ಇದ್ದವರು ಯಾರು, ಇಲ್ಲದವರು ಯಾರು? ಪ್ರಾಮಾಣಿಕವಾಗಿ ಓದಿ ಬರೆದ ಬಡವರ ಮಕ್ಕಳ ಎರಡು ವರ್ಷಕ್ಕೂ ಹೆಚ್ಚು ಆಯುಷ್ಯ ಕಾಯುವುದರಲ್ಲೇ ಹೋಯಿತು. ಪರೀಕ್ಷೆ ಸ್ವಚ್ಛವಾಗಿರುವುದು ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ನಮಗೆ. ದುಡ್ಡು, ವಶೀಲಿ, ಮನೆತನ ನಮ್ಮ ಬಳಿ ಇಲ್ಲ. ನಮ್ಮ ಕೈಲಿರುವ ಒಂದೇ ಏಣಿಯನ್ನು ನಾವೇ ಕೊಯ್ದುಕೊಳ್ಳಬಾರದು.

*ಇಬ್ಬರ ನೆನಪು*

ಬಾಬಾಸಾಹೇಬರು 1922ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧ ಸಲ್ಲಿಸಿದಾಗ ಪರೀಕ್ಷಕರು ಆಕ್ಷೇಪ ಎತ್ತಿದರು. ಅವರು ತಿದ್ದಿ ಮತ್ತೆ ಸಲ್ಲಿಸಿದರು, 1923ರಲ್ಲಿ ಡಿ.ಎಸ್ಸಿ. ಪಡೆದರು. ಅವರ ಗುರು ಎಡ್ವಿನ್ ಕ್ಯಾನನ್ ಆ ಪುಸ್ತಕಕ್ಕೆ ಮುನ್ನುಡಿ ಬರೆದು, ಕೆಲವು ವಿಚಾರ ತಮಗೆ ಒಪ್ಪಿಗೆಯಿಲ್ಲ ಎಂದು ಅದರಲ್ಲೇ ಹೇಳಿದರು. ಗುರುವಿಗೆ ಒಪ್ಪಿಗೆಯಾಗದಿದ್ದರೂ ಅದು ಶಿಷ್ಯ ತಾನೇ ಯೋಚಿಸಿ ಬರೆದದ್ದು.

ಇನ್ನೊಂದು ಉದಾಹರಣೆ ನಮ್ಮ ಮುಂಡಗೋಡದ್ದೇ. ಟಿಬೆಟನ್ನರ ಆಚರಣೆ ನಮ್ಮದಕ್ಕಿಂತ ಬೇರೆ, ಆದರೂ ಅವರ ಓದಿನ ಶಿಸ್ತು ನಾವು ನೋಡಿ ಕಲಿಯುವಂಥದ್ದು. ಅಲ್ಲಿನ ಮಠಗಳ ಅಂಗಳದಲ್ಲಿ ಒಬ್ಬ ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಹಾಕುತ್ತಾನೆ, ಕೂತವನು ಎಲ್ಲರೆದುರು ಉತ್ತರಿಸಬೇಕು. ಅಲ್ಲಿ ಚೀಟಿ ಕೆಲಸಕ್ಕೆ ಬರುವುದಿಲ್ಲ. ಆ ವಿದ್ಯೆಯ ಅತ್ಯುನ್ನತ ಪದವಿ ಬಹುಕಾಲ ಹೆಣ್ಣುಮಕ್ಕಳಿಗೆ ಇರಲಿಲ್ಲ. ಅವಕಾಶ ಸಿಕ್ಕಾಗ ಅವರು ರಿಯಾಯಿತಿ ಕೇಳಲಿಲ್ಲ, ನಾಲ್ಕು ವರ್ಷ ನಾಲ್ಕು ಸುತ್ತು ಪರೀಕ್ಷೆ ಬರೆದು ವಾದ ಮಾಡಿದರು. 2016ರ ಡಿಸೆಂಬರ್ 22ರಂದು ಮುಂಡಗೋಡದ ಡ್ರೆಪುಂಗ್ ಮಠದಲ್ಲಿ 20 ಸನ್ಯಾಸಿನಿಯರು ದಲೈ ಲಾಮಾ ಅವರಿಂದ ಗೆಶೆಮಾ ಪದವಿ ಪಡೆದರು. ಬಾಗಿಲು ಮುಚ್ಚಿದ್ದವರಿಗೆ ಆ ಪದವಿಯನ್ನು ಸಂಶಯಿಸಲು ಒಂದು ಕಾರಣವೂ ಉಳಿಯಲಿಲ್ಲ.

*ಇಂದಿನ ಅಭ್ಯಾಸ*

ವಿದ್ಯಾರ್ಥಿಗಳೇ, ಗೊತ್ತಿರುವಷ್ಟನ್ನೇ ಬರೆಯಿರಿ. ಅಸೈನ್‌ಮೆಂಟಿನಲ್ಲಿ ಪುಸ್ತಕದಿಂದ ತೆಗೆದದ್ದಕ್ಕೆ ಪುಸ್ತಕದ ಹೆಸರು ಬರೆಯಿರಿ. ಚಾಟ್‌ಜಿಪಿಟಿ ಬರೆದದ್ದನ್ನು ನಿಮ್ಮದೆಂದು ಕೊಡಬೇಡಿ. ಪಾಲಕರೇ, ಮಾರ್ಕ್ಸ್ ಎಷ್ಟು ಎಂದು ಕೇಳುವ ಮುಂಚೆ ಏನು ತಿಳಿಯಿತು ಎಂದು ಕೇಳಿ. ಶಿಕ್ಷಕ ಬಂಧುಗಳೇ, ಎಲ್ಲ ಬೆಂಚಿಗೂ ಒಂದೇ ಕಣ್ಣು ಇರಲಿ, ಸಿಕ್ಕಿಬಿದ್ದವನಿಗೆ ಮತ್ತೆ ಕಲಿಸುವ ಮನಸ್ಸೂ ಇರಲಿ.

ಬುದ್ಧರು ರಾಹುಲನಿಗೆ, ಕನ್ನಡಿ ನೋಡಿಕೊಳ್ಳುವಂತೆ ಪ್ರತಿ ಕೆಲಸದ ಮುಂಚೆ, ಮಾಡುವಾಗ, ಮಾಡಿದ ಮೇಲೆ ಮನಸ್ಸನ್ನು ನೋಡಿಕೋ ಎಂದರು. ಸುಳ್ಳಿನ ಕುರಿತ ಆ ಉಪದೇಶವನ್ನು ಎಲ್ಲರೂ ಕೇಳಬೇಕೆಂದು ಅಶೋಕ ಬೈರಾಟದ ಶಾಸನದಲ್ಲಿ ಕೆತ್ತಿಸಿದ. ನಾಳೆ ಹಾಲ್ ಟಿಕೆಟ್ ಹಿಡಿದು ಹೊರಡುವ ಮಗುವಿಗೆ ಇವತ್ತು ರಾತ್ರಿ ಅದನ್ನೊಂದು ಸಲ ಹೇಳಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.