ಜಾರಿಯಾಯಿತು

ಬಸವೇಶ್ವರನಗರದ ಹಾವನೂರು ಸರ್ಕಲ್ಲಿನಿಂದ ಒಳಕ್ಕೆ ಎರಡು ತಿರುವು ದಾಟಿದರೆ ನಮ್ಮ ಬೀದಿ. ಎದುರುಮನೆಯ ಯಜಮಾನರು ನಿವೃತ್ತ ಕೋರ್ಟ್ ಅಮೀನರು. ಮಾಗಡಿ, ರಾಮನಗರ, ಕೊನೆಗೆ ಬೆಂಗಳೂರು ಅಂತ ಮೂವತ್ತಮೂರು ವರ್ಷ ಸಮನ್ಸು, ನೋಟಿಸು ಹಂಚಿದವರು. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಡಲ್ಲಾಸಿಗೆ ಹೊರಟಿದ್ದರು. ಒಬ್ಬರೇ, ಅದೂ ಮೊದಲ ಸಲ. ಸೂಟ್‌ಕೇಸ್ ತೂಗುವ ಕೊಕ್ಕೆತಕ್ಕಡಿ ಬೇಕೆಂದು ಹೇಳಿಕಳಿಸಿದ್ದರು. ಭಾನುವಾರ ಮಧ್ಯಾಹ್ನ ಅದನ್ನು ಕೊಡಲು ಹೋದವನು ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಕೂತುಬಿಟ್ಟೆ.

ಹಾಲಿನ ತುಂಬ ಅಂಟಿನುಂಡೆ ಡಬ್ಬ, ಬಾಣಂತಿ ಲೇಹ್ಯ, ಬಜೆ, ಹುಳಿಪುಡಿ, ಹಳೇ ಕಾಟನ್ ಸೀರೆ ಹರಿದು ಮಡಿಸಿಟ್ಟ ಮಗುವಿನ ಬಟ್ಟೆ. ಒಂದು ಸೂಟ್‌ಕೇಸು 23 ಕೆಜಿಗೆ ಇನ್ನೂರು ಗ್ರಾಂ ಮೇಲೆ ಬಂತು. ಮೆಂತ್ಯದಹಿಟ್ಟಿನ ಪೊಟ್ಟಣ ತೆಗೆದರು, ತೂಗಿದರು, ಮನಸ್ಸು ತಡೆಯದೆ ಮತ್ತೆ ಹಾಕಿದರು. ಅಮೀನರ ತಮ್ಮನ ಮಗಳು ವಿಮಾನದಲ್ಲಿ ಗಗನಸಖಿ. ರಜೆಯ ಮೇಲೆ ಬಂದವಳು ಸೋಫಾದಲ್ಲಿ ಕಾಲು ಮಡಿಸಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳು ಕರೆಯುವ ಹೆಸರಲ್ಲೇ ಇಬ್ಬರನ್ನೂ ಬರೆಯುತ್ತೇನೆ.

ಹುಡುಗಿ: ಇಷ್ಟು ಮುತುವರ್ಜಿಯಿಂದ ತೂಗ್ತೀರಲ್ಲ ದೊಡ್ಡಮ್ಮ, ಇದರಲ್ಲಿ ಕಾಲುಭಾಗ ಗಮನ ನಾವು ಮುಂದೆ ನಿಂತು ತೋರಿಸುವಾಗ ಕೊಟ್ಟರೆ ಸಾಕು. ಎರಡು ಮೂರು ನಿಮಿಷದ ಕೆಲಸ. ನಾನು ಬೆಲ್ಟು ಎತ್ತಿ ಹಿಡ್ಕೊಂಡು ನಿಂತಿರ್ತೀನಿ, ಎದುರಿಗೆ ನೂರೆಂಬತ್ತು ತಲೆ. ಕಾಣೋದು ಬರೀ ನೆತ್ತಿ, ಮುಖ ಒಂದೂ ಇಲ್ಲ.

ದೊಡ್ಡಪ್ಪ: ಅವರದ್ದೇನು ತಪ್ಪು? ಅದು ನೋಟಿಸ್ ಜಾರಿ ಕಣಮ್ಮ. ನಾನು ಜೀವಮಾನವೆಲ್ಲ ಮಾಡಿದ್ದೂ ಅದೇ. ಆಸಾಮಿ ಕೈಗೆ ತಗೊಳ್ಳಲ್ಲ ಅಂದ್ರೆ ಹೊರಬಾಗಿಲಿಗೆ ಅಂಟಿಸೋದು, ಪಕ್ಕದ ಮನೆಯವನ ಹೆಸರು ಸಾಕ್ಷಿ ಅಂತ ಬರೆಯೋದು, ‘ಜಾರಿಯಾಯಿತು’ ಅಂತ ಷರಾ ಹಾಕೋದು. ಅವನು ಓದಿದನೋ ಬಿಟ್ಟನೋ ಕೋರ್ಟಿಗೆ ಬೇಕಿಲ್ಲ. ನಿಮ್ಮ ಕಂಪನಿಗೂ ಬೇಕಿಲ್ಲ. ನಾಳೆ ಏನಾದ್ರೂ ಆದ್ರೆ ‘ಹೇಳಿದ್ವಿ’ ಅನ್ನೋಕೆ ಒಂದು ಷರಾ ಬೇಕು. ದುಡ್ಡು ಕೊಟ್ಟು ಕೂತವನು ನಿಮ್ಮ ಷರಾಕ್ಕೆ ತಲೆ ಎತ್ತಬೇಕಾ?

ಹುಡುಗಿ: ಷರಾ ಮಾತ್ರ ಬೇಕಿದ್ದರೆ ಟಿಕೆಟ್ ಹಿಂದೆ ಅಚ್ಚು ಹಾಕಿ ಬಿಡ್ತಿದ್ರು. ಮನುಷ್ಯರನ್ನ ಯಾಕೆ ನಿಲ್ಲಿಸ್ತಾರೆ? ನಿಮ್ಮ ಕಾರಿನ ಬೆಲ್ಟು ಹೇಗೆ ಬಿಚ್ಚೋದು ದೊಡ್ಡಪ್ಪ?

ದೊಡ್ಡಪ್ಪ: ಗುಂಡಿ ಒತ್ತಿದ್ರೆ ಬಿಚ್ಕೊಳ್ಳುತ್ತೆ.

ಹುಡುಗಿ: ವಿಮಾನದ್ದು ಮುಚ್ಚಳ ಎತ್ತಿದ್ರೆ ಬಿಚ್ಕೊಳ್ಳುತ್ತೆ. ಗೊತ್ತಿಲ್ಲದವರು ಯಾರೂ ಇಲ್ಲ. ಆದ್ರೆ ಹೊಗೆ ತುಂಬಿದಾಗ ಕೈಗೆ ನೆನಪಾಗೋದು ದಿನಾ ಬಿಚ್ಚೋ ಕಾರಿನ ಬೆಲ್ಟು. ಸೊಂಟದ ಪಕ್ಕದಲ್ಲಿ ಇಲ್ಲದ ಗುಂಡಿ ಹುಡುಕ್ತಾ ಕೂರ್ತಾರೆ. ತಲೆಗೆ ಗೊತ್ತಿರೋದು ಬೇರೆ, ಕೈಗೆ ಗೊತ್ತಿರೋದು ಬೇರೆ.

ದೊಡ್ಡಪ್ಪ: ಒಂದೇ ಪಾಠ ನೂರು ಸಲ ಒಪ್ಪಿಸಿದ್ರೆ ಯಾರು ಕೇಳ್ತಾರೆ?

ದೊಡ್ಡಮ್ಮ (ಡಬ್ಬಕ್ಕೆ ಟೇಪು ಸುತ್ತುತ್ತಾ): ಸತ್ಯನಾರಾಯಣ ಕಥೆ ನಿಮಗೆ ಎಷ್ಟು ಸಲ ಆಗಿದೆ? ಆ ಸಾಧು ವರ್ತಕನ ಮಗಳ ಹೆಸರೇನು ಹೇಳಿ ನೋಡೋಣ.

ಅಮೀನರು ನನ್ನ ಕಡೆ ನೋಡಿದರು. ನಾನು ತಕ್ಕಡಿಯ ಮುಳ್ಳು ನೋಡಿದೆ.

ದೊಡ್ಡಮ್ಮ: ಕಲಾವತಿ. ಗಂಡ ಬಂದ ಅಂತ ಪ್ರಸಾದ ಬಿಟ್ಟು ಓಡಿದಳು, ದಡಕ್ಕೆ ಬಂದಿದ್ದ ಹಡಗು ಮುಳುಗ್ತು. ನಿಮಗೆ ಸಜ್ಜಿಗೆಗೆ ಎಷ್ಟು ಬಾಳೆಹಣ್ಣು ಅನ್ನೋದು ಮಾತ್ರ ಗೊತ್ತು.

ದೊಡ್ಡಪ್ಪ: ಅದು ದೇವರ ಮುನಿಸು. ವಿಮಾನ ಯಾರ ಮೇಲೆ ಮುನಿಸಿಕೊಳ್ಳುತ್ತೆ?

ಹುಡುಗಿ: ಕಲಾವತಿ ವಾಪಸ್ ಹೋಗಿ ಪ್ರಸಾದ ತಿಂದ್ಲು, ಹಡಗು ಮೇಲೆ ಬಂತು. ನಮ್ಮಲ್ಲಿ ಹಾಗೆ ವಾಪಸ್ ಹೋಗೋಕಾಗಲ್ಲ.

ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಅಮೀನರು ತಮ್ಮ ದೊಡ್ಡ ಅಸ್ತ್ರ ತೆಗೆದರು.

ದೊಡ್ಡಪ್ಪ: 1990ರ ಫೆಬ್ರುವರಿ 14. ಬೊಂಬಾಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಏರ್‌ಬಸ್ಸು ಎಚ್‌ಎಎಲ್ ರನ್‌ವೇ ಮುಟ್ಟೋ ಮುಂಚೆ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನದಲ್ಲಿ 92 ಹೋದರು. ಆಮೇಲೆ 2010ರ ಮೇ 22, ಮಂಗಳೂರು ಬಜ್ಪೆ. ದುಬೈಯಿಂದ ಬಂದದ್ದು ರನ್‌ವೇ ದಾಟಿ ಕಣಿವೆಗೆ ಹೋಯ್ತು. 166ರಲ್ಲಿ 158. ಅವರೆಲ್ಲ ನಿನ್ನ ಮುಖ ನೋಡ್ತಾ ಕೂತಿದ್ರೆ ಬದುಕ್ತಿದ್ರಾ? ಹಣೆಯಲ್ಲಿ ಬರೆದಿದ್ದು ಬೆಲ್ಟಿಗೆ ಅಳಿಸುತ್ತಾ?

ಹುಡುಗಿ: ಸತ್ತವರ ಮೇಲೆ ತಪ್ಪು ಹೊರಿಸೋಕೆ ನನ್ನ ಬಾಯಲ್ಲಿ ಮಾತಿಲ್ಲ ದೊಡ್ಡಪ್ಪ. ಬಜ್ಪೆಯಲ್ಲಿ ಬಹಳಷ್ಟು ಜನಕ್ಕೆ ಅವಕಾಶವೇ ಸಿಗಲಿಲ್ಲ. ಆದ್ರೆ ನೀವು ಒಂದು ಲೆಕ್ಕ ಬಿಟ್ರಿ. ಗಾಲ್ಫ್ ಮೈದಾನದಲ್ಲಿ 54 ಜನ ಉಳಿದರು. ಬಜ್ಪೆಯಲ್ಲಿ ಎಂಟು. ‘ವಿಮಾನ ಬಿತ್ತು ಅಂದ್ರೆ ಮುಗೀತು’ ಅನ್ನೋದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯವರು 1983ರಿಂದ 2000ದವರೆಗೆ ಅಲ್ಲಿನ ಪ್ರಯಾಣಿಕ ವಿಮಾನಗಳಿಗೆ ಆದ ಅಪಘಾತಗಳನ್ನೆಲ್ಲ ಕೂಡಿಸಿ ನೋಡಿದ್ರು. ಅದರಲ್ಲಿದ್ದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಬದುಕಿದ್ರು. ಅಂದ್ರೆ ಬಹುಪಾಲು ಅಪಘಾತದಲ್ಲಿ, ವಿಮಾನ ನಿಂತ ಮೇಲೂ ನೀವು ಮಾಡೋ ಕೆಲಸ ಉಳಿದಿರುತ್ತೆ.

ದೊಡ್ಡಪ್ಪ: ಅಹಮದಾಬಾದಿನಲ್ಲಿ ಹೋದ ವರ್ಷ?

ಹುಡುಗಿ: 2025ರ ಜೂನ್ 12. 242ರಲ್ಲಿ ಒಬ್ಬರೇ ಉಳಿದದ್ದು, 11ಎ ಸೀಟಿನವರು. ಆಮೇಲೆ ಏನಾಯ್ತು ಗೊತ್ತಾ? ಜನ 11ಎ ಸೀಟೇ ಬೇಕು ಅಂತ ಕೇಳೋಕೆ ಶುರು ಮಾಡಿದ್ರು. ಎಲ್ಲ ವಿಮಾನದಲ್ಲೂ 11ಎ ಒಂದೇ ಜಾಗದಲ್ಲಿರಲ್ಲ. ‘ನಿಮ್ಮ ಸೀಟಿಂದ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಟ್ಕೊಳ್ಳಿ, ಹೊಗೆಯಲ್ಲಿ ಕಣ್ಣು ಕಾಣಲ್ಲ, ಕೈಯಲ್ಲಿ ಸೀಟು ಮುಟ್ಟಿ ಮುಟ್ಟಿ ಹೋಗಬೇಕು’ ಅಂದ್ರೆ ಒಬ್ಬರೂ ಎಣಿಸಲ್ಲ. ಅದೃಷ್ಟದ ನಂಬರಿಗೆ ದುಡ್ಡು ಕೊಡ್ತಾರೆ.

ದೊಡ್ಡಪ್ಪ: ಸರಿ, ಬಜ್ಪೆಗೇ ಬರೋಣ. ಅಲ್ಲಿ ಕೇಳದೆ ಹೋದವನು ಯಾರು? ಪ್ರಯಾಣಿಕನಾ? ಕ್ಯಾಪ್ಟನ್ನು. ಪಕ್ಕದಲ್ಲಿದ್ದ ಕಿರಿಯ ಪೈಲಟ್ ಮೂರು ಸಲ ‘ಇಳಿಸಬೇಡಿ, ಮತ್ತೆ ಮೇಲೇರಿಸಿ’ ಅಂದನಂತೆ. ಯಂತ್ರವೂ ಎಚ್ಚರಿಸ್ತಂತೆ. ತನಿಖಾ ವರದಿಯಲ್ಲೇ ಇದೆ. ದೊಡ್ಡವರು ಕೇಳಲ್ಲ, ಹಿಂದೆ ಕೂತ ಬಡಪಾಯಿಗೆ ಮಾತ್ರ ನೀತಿಪಾಠವೋ?

ಈ ಮಾತಿಗೆ ಹುಡುಗಿ ಸಿಟ್ಟಾಗುತ್ತಾಳೆ ಅಂದುಕೊಂಡೆ. ಅವಳು ಸೋಫಾ ಬಿಟ್ಟು ಕೆಳಗೆ ದೊಡ್ಡಪ್ಪನ ಎದುರಿಗೆ ಬಂದು ಕೂತಳು.

ಹುಡುಗಿ: ನಾನು ಹೇಳ್ಬೇಕಿದ್ದ ಮಾತು ಅದೇ. ಆ ಕ್ಯಾಪ್ಟನ್ನಿಗೆ ಸಾವಿರಾರು ಗಂಟೆಗಳ ಅನುಭವ. ‘ನನಗೆ ಗೊತ್ತು’ ಅನ್ನೋದೇ ಅವರ ಕಿವಿ ಮುಚ್ಚಿರಬೇಕು. ನನ್ನ ಎದುರಿಗೆ ಮೊಬೈಲ್ ನೋಡ್ತಾ ಕೂತವರಿಗೆ ಆಗಿರೋದೂ ಅದೇ, ‘ನನಗೆ ಗೊತ್ತು’. ಮೊದಲ ಸಲ ಹತ್ತಿದ ಹಳ್ಳಿಯವರು ಬಾಯಿ ಬಿಟ್ಕೊಂಡು ನೋಡ್ತಾರೆ. ಕೇಳೋದು ಅಂದ್ರೆ ಕೈಕಟ್ಟಿ ನಿಲ್ಲೋದಲ್ಲ ದೊಡ್ಡಪ್ಪ. ಚಿಕ್ಕವರು ಹೇಳಿದ್ರೂ ಒಂದು ಕ್ಷಣ ನಿಂತು ನೋಡೋದು. ಮುಂದಿನ ಬಾಗಿಲ ಒಳಗಿರೋರಿಗೂ ಅದೇ, ಕೊನೇ ಸಾಲಿನವರಿಗೂ ಅದೇ.

ದೊಡ್ಡಪ್ಪ: ಕ್ಯಾಪ್ಟನ್ ಕೇಳದಿದ್ರೆ ನೂರಾರು ಜನ ಸಾಯ್ತಾರೆ. ನಾನು ಕೇಳದಿದ್ರೆ ಸಾಯೋದು ನಾನೊಬ್ಬ. ನನ್ನ ಪ್ರಾಣ, ನನ್ನಿಷ್ಟ.

ಹುಡುಗಿ: ನೀವು ಕೂತಿರೋದು ದಾರಿ ಪಕ್ಕದ ಸೀಟು ಅಂದ್ಕೊಳ್ಳಿ. ಕಿಟಕಿ ಹತ್ತಿರ ಒಬ್ಬಳು ಬಸುರಿ, ಮಧ್ಯದಲ್ಲಿ ಅವಳ ಮಗು. ನಿಮ್ಮ ಬೆಲ್ಟು ಬಿಚ್ಚೋವರೆಗೂ ಅವರು ಏಳೋ ಹಾಗಿಲ್ಲ. ಅರ್ಧದಷ್ಟು ಬಾಗಿಲು ಮುಚ್ಚಿದ್ರೂ ತೊಂಬತ್ತು ಸೆಕೆಂಡಲ್ಲಿ ಎಲ್ಲರೂ ಹೊರಗೆ ಬರೋ ಹಾಗಿರಬೇಕು ಅಂತ ಪರೀಕ್ಷೆ ಮಾಡಿಯೇ ವಿಮಾನಕ್ಕೆ ಪರವಾನಗಿ ಕೊಡೋದು. ಆ ತೊಂಬತ್ತು ಸೆಕೆಂಡು ಯಾರ ಸ್ವಂತದ್ದೂ ಅಲ್ಲ. ನೀವು ಗುಂಡಿ ಹುಡುಕ್ತಾ ಕಳೆದ ಹತ್ತು ಸೆಕೆಂಡು ಆ ಬಸುರಿಯದ್ದು. ಒಂದೇ ಸಾಲಲ್ಲಿ ಕೂತ್ರಿ ಅಂದ್ರೆ ಅವರ ಋಣ ನಿಮ್ಮ ಮೇಲಿದೆ.

‘ಋಣ’ ಎಂಬ ಮಾತು ಬಂದಾಗ ದೊಡ್ಡಮ್ಮ ಟೇಪು ಸುತ್ತುವುದನ್ನು ನಿಲ್ಲಿಸಿದರು. ಅಲ್ಲಿಯವರೆಗೆ ಅದು ಅವರ ಪಾಲಿಗೆ ಮಧ್ಯಾಹ್ನದ ಹೊತ್ತು ಕಳೆಯುವ ವಾದವಾಗಿತ್ತು.

ದೊಡ್ಡಮ್ಮ: ನನ್ನ ಕೈಚೀಲ ಮಾತ್ರ ನಾನು ಬಿಡಲ್ಲ ಕಣೇ. ಪಾಸ್‌ಪೋರ್ಟು, ಮಗೂಗೆ ಮಾಡಿಸಿದ ಬೆಳ್ಳಿ ಬಟ್ಟಲು, ಉಡಿದಾರ ಎಲ್ಲಾ ಅದರಲ್ಲೇ ಇರೋದು.

ಹುಡುಗಿ: 2016ರ ಆಗಸ್ಟಿನಲ್ಲಿ ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈಯಲ್ಲಿ ನೆಲಕ್ಕೆ ಉಜ್ಜಿಕೊಂಡು ನಿಂತು ಉರೀತು. ಒಳಗೆ ಹೊಗೆ. ಆ ವಿಡಿಯೋ ಈಗಲೂ ಸಿಗುತ್ತೆ, ನಮ್ಮವರೇ ಮೇಲಿಂದ ಬ್ಯಾಗು ಇಳಿಸ್ತಾ ನಿಂತಿದ್ದಾರೆ. ಒಳಗಿದ್ದ 300 ಜನವೂ ಉಳಿದದ್ದು ಪುಣ್ಯ. ಬೆಂಕಿ ಆರಿಸೋಕೆ ಬಂದವರೊಬ್ಬರು ಸತ್ತರು. ಟೋಕಿಯೋದ ಹನೇಡಾದಲ್ಲಿ 2024ರ ಜನವರಿ 2ರಂದು ಇಳೀತಿದ್ದ ವಿಮಾನ ಇನ್ನೊಂದಕ್ಕೆ ಗುದ್ದಿ ಹೊತ್ತಿಕೊಳ್ತು. 379 ಜನ. ಮೈಕು ಕೆಟ್ಟಿತ್ತು, ಎಂಟು ಬಾಗಿಲಲ್ಲಿ ಬಳಸೋ ಹಾಗಿದ್ದದ್ದು ಮೂರು. ಸಾಮಾನು ಬಿಟ್ಟು ಹೊರಟರು, ಎಲ್ಲರೂ ಉಳಿದರು. ಬೆಳ್ಳಿ ಬಟ್ಟಲು ನಾನು ಕೊಡಿಸ್ತೀನಿ ದೊಡ್ಡಮ್ಮ.

ದೊಡ್ಡಮ್ಮ: ಅದಿರಲಿ. ನೀವು ಹೇಳೋದು ನನಗೆ ತಿಳಿಯಬೇಕಲ್ಲ? ಹೋದ ವರ್ಷ ತಿರುಪತಿಗೆ ಹೋದಾಗ ಬಸ್ ಡ್ರೈವರು ತೆಲುಗಲ್ಲಿ ಅಂದದ್ದಾದ್ರೂ ಅರ್ಥ ಆಯ್ತು.

ದೊಡ್ಡಪ್ಪ: ಹಾಂ! ಅದಕ್ಕೆ ಉತ್ತರ ಕೊಡು. ಇಂಗ್ಲಿಷು, ಹಿಂದಿ. ಇವಳಿಗೆ ಎರಡೂ ಬರಲ್ಲ. ದೇವನಹಳ್ಳಿಯಿಂದ ಹುಬ್ಬಳ್ಳಿಗೆ ಹೋಗೋ ವಿಮಾನದಲ್ಲೂ ಅದೇ ತಾನೆ?

ಹುಡುಗಿ (ತಡೆದು): ನಮಸ್ಕಾರ, ಸ್ವಾಗತ ಕನ್ನಡದಲ್ಲಿ ಹೇಳಿದ್ದೀನಿ. ಬೆಲ್ಟು, ಮಾಸ್ಕು ಹೇಳಿದ್ದೆಲ್ಲ ಇಂಗ್ಲಿಷು, ಹಿಂದಿಯಲ್ಲೇ.

ದೊಡ್ಡಪ್ಪ: ಮರ್ಯಾದೆ ಕನ್ನಡದಲ್ಲಿ, ಪ್ರಾಣ ಇಂಗ್ಲಿಷಿನಲ್ಲಿ!

ಇಲ್ಲಿ ನಾನೂ ಬಾಯಿ ಹಾಕಿದೆ. ಅವಳ ವಾದವೆಲ್ಲ ನನಗೆ ಒಪ್ಪಿಗೆಯೇ ಆಗಿತ್ತು, ಆದರೆ ಈ ಒಂದು ಕಡೆ ಅಮೀನರ ಮಾತು ತಳ್ಳಿಹಾಕುವಂಥದ್ದಲ್ಲ. ಕೇಳಿಸಿಕೊಳ್ಳುವವನ ಹೊಣೆ ಶುರುವಾಗುವುದು ಹೇಳುವವನು ತನ್ನ ಹೊಣೆ ಮುಗಿಸಿದ ಮೇಲೆ. ಅರ್ಥವಾಗದ ಭಾಷೆಯಲ್ಲಿ ಹೇಳಿ, ಗಮನ ಕೊಡಲಿಲ್ಲವೆಂದು ದೂರುವುದು ಎಲ್ಲಿಯ ನ್ಯಾಯ? ಹಾಗೆಂದೆ.

ಹುಡುಗಿ: ಒಪ್ತೀನಿ. 1996ರಲ್ಲಿ ಅಪಹರಣವಾದ ಇಥಿಯೋಪಿಯನ್ ವಿಮಾನ ಇಂಧನ ಮುಗಿದು ಕೊಮೊರೊ ದ್ವೀಪದ ಹತ್ತಿರ ಸಮುದ್ರಕ್ಕೆ ಇಳೀತು. ಜಾಕೆಟ್ಟನ್ನ ಒಳಗೆ ಊದಿಸಬೇಡಿ ಅಂತ ಪೈಲಟ್ ಹೇಳಿದ್ದರು. ಬಹಳ ಜನ ಒಳಗೇ ಊದಿಸಿಕೊಂಡರು. ನೀರು ನುಗ್ಗಿದಾಗ ಜಾಕೆಟ್ಟು ಅವರನ್ನ ಛಾವಣಿಗೆ ಒತ್ತಿ ಹಿಡೀತು, ಮುಳುಗಿ ಬಾಗಿಲಿಗೆ ಹೋಗೋಕಾಗಲಿಲ್ಲ. 175ರಲ್ಲಿ 125 ಜನ ಹೋದರು. ಅವರಿಗೆ ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ, ಕೇಳಿಯೂ ಬಿಟ್ಟರೋ, ಯಾರಿಗೆ ಗೊತ್ತು? ಮೂರಕ್ಕೂ ಕೊನೆ ಒಂದೇ ಆಯ್ತು.

ಗೆದ್ದವರ ಹಾಗೆ ಕೂತಿದ್ದ ಅಮೀನರು ಮೆತ್ತಗಾದರು. ಅವರು ಮುಂದೆ ಹೇಳಿದ್ದನ್ನು ನಾನು ಹದಿನೈದು ವರ್ಷದ ನೆರೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ದೊಡ್ಡಪ್ಪ: ಮಾಗಡಿ ಕಡೆ ಒಂದು ಹಳ್ಳಿ. ಒಬ್ಬಳು ಮುದುಕಿ, ಒಂದೂವರೆ ಎಕರೆ ಹೊಲದ ದಾವೆ. ನಾನು ಹೋದಾಗ ಬಾಗಿಲು ಹಾಕಿತ್ತು. ಅಂಟಿಸಿದೆ, ಷರಾ ಬರೆದೆ, ಬಸ್ಸಿಗೆ ಹೊತ್ತಾಯ್ತು ಅಂತ ಬಂದೆ. ಅವಳಿಗೆ ಓದು ಬರದು. ಜನಗಣತಿಯವರು ಅಂಟಿಸಿದ ಚೀಟಿ ಅಂದ್ಕೊಂಡು ಅದರ ಮೇಲೆ ಸುಣ್ಣ ಬಳಿದಳಂತೆ, ಹಬ್ಬಕ್ಕೆ. ವಾಯಿದೆ ದಿನ ಬರಲಿಲ್ಲ. ಎಕ್ಸ್‌ಪಾರ್ಟಿ ಆಯ್ತು, ಅವಳಿಲ್ಲದೆಯೇ ತೀರ್ಪು ಬಂತು. ಹೊಲದ ಸ್ವಾಧೀನ ಕೊಡಿಸೋಕೆ ಹೋದವನೂ ನಾನೇ. ‘ನೀನು ಒಂದು ಮಾತು ಕೂಗಿ ಹೇಳಿದ್ರೆ ಆಗ್ತಿರಲಿಲ್ವಾ ಸ್ವಾಮಿ, ನಾನು ಹಿತ್ತಲಲ್ಲೇ ಇದ್ದೆ’ ಅಂದಳು. ಆಮೇಲೆ ನಾನು ಯಾವ ಹಳ್ಳಿಗೆ ಹೋದ್ರೂ ಮೊದಲು ಓದಿ ಹೇಳ್ತಿದ್ದೆ, ಆಮೇಲೆ ಕೊಡ್ತಿದ್ದೆ. ಕೆಲವರು ಓದೋವಾಗಲೇ ಎದ್ದು ಹೋಗೋರು.

ಹುಡುಗಿ: ಅವರ ಮೇಲೆ ಸಿಟ್ಟು ಬರ್ತಿತ್ತಾ?

ದೊಡ್ಡಪ್ಪ: ಬರ್ತಿತ್ತು.

ಹುಡುಗಿ ಅದಕ್ಕೆ ಏನೂ ಅನ್ನಲಿಲ್ಲ. ಒಳಗೆ ಹೋಗಿ, ಕೊರೊನಾ ಕಾಲದಿಂದ ಬೀರುವಿನಲ್ಲಿ ಉಳಿದಿದ್ದ ಮಾಸ್ಕುಗಳಲ್ಲಿ ಎರಡು ಹಿಡಿದು ಬಂದಳು. ದೊಡ್ಡಮ್ಮನನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ದೊಡ್ಡಪ್ಪನನ್ನು ಕೂರಿಸಿದಳು.

ಹುಡುಗಿ: ವಾಪಸ್ ಬರುವಾಗ ಅಕ್ಕ, ಮಗು ಜೊತೆಗಿರ್ತಾರೆ. ದೊಡ್ಡಪ್ಪನೇ ಮಗು ಅಂದ್ಕೊಳ್ಳಿ. ಒಳಗಿನ ಗಾಳಿಯ ಒತ್ತಡ ಇಳಿದರೆ ಮೇಲಿಂದ ಮಾಸ್ಕು ಬೀಳುತ್ತೆ. ಮೂವತ್ತೈದು ಸಾವಿರ ಅಡಿಯಲ್ಲಿ ಬುದ್ಧಿ ಸ್ಥಿಮಿತದಲ್ಲಿರೋದು ಅರ್ಧ ನಿಮಿಷದಿಂದ ಒಂದು ನಿಮಿಷ. ಎಳೆದು, ಮೊದಲು ನಿಮಗೆ ಹಾಕ್ಕೊಳ್ಳಿ. ಆಮೇಲೆ ಮಗೂಗೆ.

ದೊಡ್ಡಮ್ಮ: ಮಗು ಬಿಟ್ಟು ನಾನು ಮೊದಲಾ? ಬಾಯಿಗೆ ಹೇಗೆ ಬಂತೇ ನಿನಗೆ ಈ ಮಾತು? ಈ ಮನೆಗೆ ಬಂದು ನಲವತ್ತೊಂದು ವರ್ಷ ಆಯ್ತು, ಎಲ್ಲರಿಗೂ ಬಡಿಸದೆ ಒಂದು ದಿನ ಎಲೆ ಮುಂದೆ ಕೂತಿಲ್ಲ ನಾನು.

ಹುಡುಗಿ: ಗೊತ್ತು. ಮಗು ಕೊಸರಾಡುತ್ತೆ, ಅದಕ್ಕೆ ಹಾಕೋಷ್ಟರಲ್ಲಿ ನಿಮಗೆ ಕಣ್ಣು ಕತ್ತಲೆ ಬರುತ್ತೆ. ನೀವು ಬಿದ್ದರೆ ಅದನ್ನ ನೋಡೋರು ಯಾರು? ಬಡಿಸೋ ಕೈ ಗಟ್ಟಿಯಾಗಿರಬೇಕಲ್ಲ, ಅದಕ್ಕೆ. ಹೂಂ, ಬಿತ್ತು ಮಾಸ್ಕು!

ದೊಡ್ಡಮ್ಮನ ಕೈ ನೆಟ್ಟಗೆ ಅಮೀನರ ಮುಖಕ್ಕೆ ಹೋಯಿತು. ಎಡಗಿವಿಗೆ ದಾರ ಸಿಕ್ಕಿಸಿದ ಮೇಲೆ ಅವರಿಗೇ ಗೊತ್ತಾಗಿ ನಗು ಬಂತು.

ಹುಡುಗಿ: ಇನ್ನೊಂದು ಸಲ.

ಮತ್ತೆ ಅದೇ. ಮೂರನೇ ಸಲ ಕೈ ಅರ್ಧ ದಾರಿ ಹೋಗಿ ತಡೆಯಿತು, ಗಾಳಿಯಲ್ಲೇ ನಿಂತಿತು. ದೊಡ್ಡಮ್ಮ ಗಂಡನ ಮುಖ ನೋಡಿದರು. ಅಮೀನರು ಮಗುವಿನ ಹಾಗೆ ಕೂತೇ ಇದ್ದರು.

ದೊಡ್ಡಪ್ಪ: ಹಾಕ್ಕೊಳ್ಳೇ. ನಾನು ಕಾಯ್ತೀನಿ.