ಒಂದು ಪೆಟ್ಟಿನ ಋಣ

ಕದ್ದದ್ದು ಎಷ್ಟು ಚಿಕ್ಕದಾದರೆ ಅದು ಕಳವು ಅನ್ನಿಸಿಕೊಳ್ಳುವುದಿಲ್ಲ? ಹಸಿದ ದಾರಿಹೋಕ ಪಕ್ಕದ ಹೊಲದಲ್ಲಿ ಒಂದು ಜೋಳದ ತೆನೆ ಮುರಿದು ತಿಂದರೆ ನಮ್ಮ ಸೀಮೆಯಲ್ಲಿ ಯಾರೂ ಅವನನ್ನು ಕಳ್ಳನೆನ್ನುವುದಿಲ್ಲ. ಅದೇ ಮನುಷ್ಯ ಗಾಡಿ ತಂದು ತುಂಬಿಕೊಂಡು ಹೋದರೆ ಪಂಚಾಯಿತಿ ಸೇರುತ್ತದೆ. ಹಾಗಾದರೆ ಒಬ್ಬರ ಸಿದ್ಧ ಹಾಡಿನೊಳಗಿಂದ ಅರ್ಧ ಸೆಕೆಂಡೂ ಇರದ ಒಂದೇ ಒಂದು ಪೆಟ್ಟಿನ ಸದ್ದನ್ನು ಎತ್ತಿಕೊಂಡರೆ ಅದು ತೆನೆಯೋ, ಗಾಡಿಯೋ? ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಂಥ ಊರುಗಳಲ್ಲಿ ಮದುವೆಗೆ, ಮೆರವಣಿಗೆಗೆ ಡಿಜೆ ಹಾಕುವ ಹುಡುಗರ ಲ್ಯಾಪ್‌ಟಾಪಿನೊಳಗೆ ಈ ಪ್ರಶ್ನೆ ಕೂತಿದೆ. "ಒಂದು ಧಬ್ಬಿಗೂ ಲೆಕ್ಕ ಕೊಡಬೇಕೇನ್ರಿ ಸಾರ್?" ಎಂದು ಅವರು ನಗುತ್ತಾರೆ. ಆ ನಗುವಿಗೆ ಉತ್ತರ ಹೇಳುವುದು ನಾವು ಅಂದುಕೊಂಡಷ್ಟು ಸುಲಭವಲ್ಲ.

ಮೊದಲು ಆ ಕೆಲಸ ನಡೆಯುವ ಬಗೆಯನ್ನು ನೋಡೋಣ. ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ಅಡ್ಡ ಮಲಗಿಸಿದ ದೊಡ್ಡ ಡ್ರಮ್ಮೊಂದಿರುತ್ತದೆ. ಬಾರಿಸುವವನು ಅದನ್ನು ಕೈಯಿಂದ ಬಾರಿಸದೆ ಕಾಲಿನ ಪೆಡಲ್ ಒತ್ತಿ ಹೊಡೆಯುತ್ತಾನೆ. ಅದಕ್ಕೇ ಅದು ಕಿಕ್ ಡ್ರಮ್. ಎದೆಗೆ ಬಂದು ಗುದ್ದುವ ಸದ್ದು ಅದರದೇ. ಮೊದಲು ಹೊದಿಕೆಗೆ ಬಡಿದ ಕ್ಷಣದ 'ಟಕ್', ಅದರ ಬೆನ್ನಿಗೇ ಕೆಳಸ್ಥಾಯಿಯ ಗುಂಗು. ಸಿದ್ಧ ಹಾಡಿನಲ್ಲಿ ಇದು ಒಂಟಿಯಾಗಿ ಸಿಗುವುದು ಕಷ್ಟ. ಅದೇ ಕೆಳಸ್ಥಾಯಿಯಲ್ಲಿ ಬೇಸ್ ಗಿಟಾರು ನುಡಿಯುತ್ತಿರುತ್ತದೆ, ಮೇಲೆ ತಾಳ, ಅದರ ಮೇಲೆ ಹಾಡುವವರ ದನಿ. ಆದ್ದರಿಂದ ಹುಡುಗರು ಹಾಡಿನ ಆರಂಭದಲ್ಲೋ, ಪಲ್ಲವಿ ಚರಣಗಳ ನಡುವೆಯೋ, ಉಳಿದವರೆಲ್ಲ ಉಸಿರು ಹಿಡಿದು ಡ್ರಮ್ ಒಂದೇ ನುಡಿಯುವ ಜಾಗವನ್ನು ಹುಡುಕುತ್ತಾರೆ. ಸಿಕ್ಕಿದರೆ, ಸದ್ದಿನ ಅಲೆ ಸೊನ್ನೆಯ ಗೆರೆಯನ್ನು ದಾಟುವ ಕಡೆ ಕತ್ತರಿಸುತ್ತಾರೆ. ಬೇರೆ ಕಡೆ ಕತ್ತರಿಸಿದರೆ ಚಟ್ ಎಂಬ ಒಡಕು ಸದ್ದು ಸೇರಿಕೊಳ್ಳುತ್ತದೆ. ಬಾಲವನ್ನು ಮೆಲ್ಲಗೆ ಇಳಿಸಿ, ಫಿಲ್ಟರ್ ಹಾಕಿ ಮೇಲಿನ ತಾಳದ ಕಿಣಿಕಿಣಿಯನ್ನು ಒರೆಸುತ್ತಾರೆ. 2019ರಲ್ಲಿ ಡೀಜರ್ ಎಂಬ ಫ್ರಾನ್ಸಿನ ಕಂಪನಿ ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಉಚಿತವಾಗಿ ಹೊರಬಿಟ್ಟಿತು. ದನಿ, ಡ್ರಮ್, ಬೇಸ್ ಎಂದು ಹಾಡನ್ನು ಬಿಡಿಸಿಕೊಡುವ ಇಂಥ ತಂತ್ರಾಂಶಗಳು ಈಗ ಯಾರಿಗೂ ಸಿಗುತ್ತವೆ. ಕೊನೆಗೆ ಉಳಿದ ಸದ್ದನ್ನು 'ಕ್ಲೀನ್ ಕಿಕ್' ಎನ್ನುತ್ತಾರೆ. ಅದನ್ನು ರಿದಂ ಪ್ಯಾಡಿಗೆ ತುಂಬಿದರೆ ಆಯಿತು. ಕೋಲು ತಾಗಿದಾಗೆಲ್ಲ, ಎಂದೋ ಮದ್ರಾಸಿನ ಸ್ಟುಡಿಯೊದಲ್ಲಿ ಕನ್ನಡ ಸಿನಿಮಾ ಹಾಡಿಗೆ ಯಾರೋ ಒತ್ತಿದ ಕಾಲು ಬಳ್ಳಾರಿಯ ಬೀದಿಯಲ್ಲಿ ಮತ್ತೆ ಒತ್ತುತ್ತದೆ.

ಈ 'ಕ್ಲೀನ್' ಎಂಬ ಮಾತನ್ನು ಕೊಂಚ ನಿಂತು ಯೋಚಿಸಬೇಕು. ಯಾವುದರಿಂದ ಕ್ಲೀನ್? ಜೊತೆಯಲ್ಲಿ ನುಡಿಸಿದವರಿಂದ, ಹಾಡಿದವರಿಂದ, ಆ ಕೋಣೆಯ ಗೋಡೆಗಳಿಂದ, ಕೊನೆಗೆ ಬಾರಿಸಿದವನ ಹೆಸರಿನಿಂದಲೂ. ಶುದ್ಧವಾಗುತ್ತಾ ಹೋದಂತೆ ಆ ಸದ್ದು ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುತ್ತದೆ. ಕಡೆಗೆ ಕಂಪ್ಯೂಟರಿನಲ್ಲಿ ಉಳಿಯುವುದು 'ಕಿಕ್ 01' ಎಂಬ ಒಂದು ಫೈಲು.

ಹೀಗೆ ಹೆಸರು ಕಳೆದುಕೊಂಡವರ ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡ 'ಆಮೆನ್, ಬ್ರದರ್' ಎಂಬ ವಾದ್ಯಗೀತೆಯನ್ನು ಒಂದು ರೆಕಾರ್ಡಿನ ಹಿಂಬದಿಗೆ ಹಾಕಿತು. ನಾವು ದುವಾದ ಕೊನೆಗೆ ಹೇಳುವ ಆಮೀನ್ ಎಂಬುದೇ ಆ ಆಮೆನ್. ಅದರ ನಡುವೆ ಗ್ರೆಗರಿ ಕೋಲ್ಮನ್ ಎಂಬ ಡ್ರಮ್ಮರ್ ಸುಮಾರು ಏಳು ಸೆಕೆಂಡು ಒಬ್ಬನೇ ಬಾರಿಸುತ್ತಾನೆ. ಆ ಏಳು ಸೆಕೆಂಡನ್ನು ಮುಂದೆ ಲೋಕದಾದ್ಯಂತ ಸಾವಿರಾರು ಹಾಡುಗಳು ಎತ್ತಿಕೊಂಡವು. ಇಂಗ್ಲೆಂಡಿನಲ್ಲಿ ಅದರ ಮೇಲೆಯೇ ಜಂಗಲ್ ಎಂಬ ಹೊಸ ಸಂಗೀತ ಪ್ರಕಾರ ಬೆಳೆಯಿತು. ಕೋಲ್ಮನ್ನನಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ಆತ 2006ರಲ್ಲಿ ಮನೆಯಿಲ್ಲದ ಬಡವನಾಗಿ ತೀರಿಕೊಂಡ. 2015ರಲ್ಲಿ ಇಂಗ್ಲೆಂಡಿನ ಸಂಗೀತಪ್ರಿಯರು ಚಂದಾ ಎತ್ತಿ ಸುಮಾರು 24,000 ಪೌಂಡನ್ನು ಕೊಟ್ಟದ್ದು ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್ ಅವರಿಗೆ. ಬಾರಿಸಿದವನು ಅದನ್ನು ನೋಡಲು ಇರಲಿಲ್ಲ.

ನ್ಯಾಯಾಲಯಗಳೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು ಇಂಥದೇ ಮೊಕದ್ದಮೆಯಲ್ಲಿ ಮೂಸಾ ಪ್ರವಾದಿಗೆ ಬಂದ, ಕಳವನ್ನು ನಿಷೇಧಿಸುವ ಆಜ್ಞೆಯಿಂದಲೇ ತೀರ್ಪನ್ನು ಆರಂಭಿಸಿದರು. 2005ರಲ್ಲಿ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಅನುಮತಿ ಬೇಕು ಎಂದಿತು. 2016ರಲ್ಲಿ ಅದೇ ದೇಶದ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಮಡೋನಾಳ 'ವೋಗ್' ಹಾಡಿನಲ್ಲಿ ಸೇರಿದ್ದ 0.23 ಸೆಕೆಂಡಿನ ಕಹಳೆಯ ಸದ್ದು ಗಣನೆಗೇ ಬಾರದಷ್ಟು ಅಲ್ಪ ಎಂದಿತು. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ 1977ರ ಹಾಡೊಂದರಿಂದ ಎರಡು ಸೆಕೆಂಡಿನ ತಾಳವನ್ನು 1997ರ ಹಾಡೊಂದು ಎತ್ತಿಕೊಂಡಿತ್ತು. ಆ ಜಗಳದಲ್ಲಿ ಯುರೋಪಿನ ನ್ಯಾಯಾಲಯ 2019ರಲ್ಲಿ ಹೇಳಿದ್ದು ಇದು: ಎಷ್ಟೇ ಚಿಕ್ಕದಾದರೂ ಅನುಮತಿ ಬೇಕು, ಆದರೆ ಕಿವಿಗೆ ಗುರುತೇ ಸಿಗದಂತೆ ಮಾರ್ಪಡಿಸಿದ್ದರೆ ಬೇಡ.

ಈ ಕೊನೆಯ ಮಾತು ಕಾನೂನಿಗೆ ಸರಿ ಇರಬಹುದು, ಮನಸ್ಸಾಕ್ಷಿಗೆ ಸಾಲದು. ಗುರುತು ಸಿಗದಂತೆ ಬಣ್ಣ ಬಳಿದ ಸೈಕಲ್ಲು ಬಳಿದವನದಾಗುತ್ತದೆಯೇ? ನ್ಯಾಯಾಲಯಕ್ಕೆ ಸಾಕ್ಷಿ ಬೇಕು, ಅದು ಕೇಳುವ ಕಿವಿಯನ್ನು ನಂಬುತ್ತದೆ. ಎತ್ತಿಕೊಂಡವನಿಗೆ ಮಾತ್ರ ಸಾಕ್ಷಿಯ ಅಗತ್ಯವಿಲ್ಲ. ಎಲ್ಲಿಂದ ತಂದೆ ಎಂಬುದು ಅವನಿಗೆ ಗೊತ್ತಿದೆ.

ನಮ್ಮ ದೇಶದ ಕಾನೂನು ಇನ್ನೊಂದು ಸಂಗತಿಯನ್ನು ಬಯಲು ಮಾಡುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಒಂದು ಧ್ವನಿಮುದ್ರಣವನ್ನು ಒಳಗೊಂಡ ಇನ್ನೊಂದು ಧ್ವನಿಮುದ್ರಣ ಮಾಡುವ ಹಕ್ಕು ಅದರ ಒಡೆಯರದು. ಆ ಒಡೆತನ 60 ವರ್ಷ. ಒಡೆಯರೆಂದರೆ ಸಾಮಾನ್ಯವಾಗಿ ಮುದ್ರಣ ಮಾಡಿಸಿದ ಕಂಪನಿ. 2012ರ ತಿದ್ದುಪಡಿ ಕಲಾವಿದರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕನ್ನು ಕೊಟ್ಟಿತು. ಆದರೆ ಅದೇ ತಿದ್ದುಪಡಿ ಸಿನಿಮಾದ ಮಟ್ಟಿಗೆ ಒಂದು ವಿನಾಯಿತಿಯನ್ನೂ ಬರೆಯಿತು. ಯಾರ ಪಾತ್ರ ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಯಾರ ಹೆಸರನ್ನು ಎಲ್ಲೂ ಹಾಕುವುದಿಲ್ಲವೋ, ಅವರು ಒಂದು ಸೀಮಿತ ಉದ್ದೇಶದ ಹೊರತು ಕಲಾವಿದರೆಂದೇ ಪರಿಗಣಿತರಲ್ಲ. ಹಿಂದೆ ಯಾರೂ ಹೆಸರು ಹೇಳಲಿಲ್ಲ, ಆದ್ದರಿಂದ ಇನ್ನು ಮುಂದೆಯೂ ಹೇಳಬೇಕಾಗಿಲ್ಲ ಎಂದಂತಾಯಿತು. ರೆಕಾರ್ಡಿನ ಮೇಲೆ ಹಾಡಿದವರ, ಬರೆದವರ, ರಾಗ ಹಾಕಿದವರ ಹೆಸರಿರುತ್ತಿತ್ತು. ಡ್ರಮ್ ಬಾರಿಸಿದವರ ಹೆಸರನ್ನು ಹುಡುಕಿದರೂ ಸಿಗುವುದು ಅಪರೂಪ.

ಉರ್ದು ಓದಿದವರಿಗೆ ಈ ತೊಡಕು ಹೊಸದಲ್ಲ. ಇನ್ನೊಬ್ಬರಿಂದ ತೆಗೆದುಕೊಳ್ಳುವುದನ್ನು ಉರ್ದು ಕಾವ್ಯಪರಂಪರೆ ಬಹಳ ಹಿಂದೆಯೇ ವಿಂಗಡಿಸಿಟ್ಟಿದೆ. ಮುಷಾಯಿರಾದಲ್ಲಿ ಒಂದು ಸಾಲು ಕೊಟ್ಟು, ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಎಲ್ಲರೂ ಗಜಲ್ ಬರೆಯುವುದುಂಟು. ಆ ಕೊಟ್ಟ ಸಾಲು ತರಹ್. ಇದರಲ್ಲಿ ಯಾರಿಗೂ ಅವಮಾನವಿಲ್ಲ, ಏಕೆಂದರೆ ನೆಲ ಇನ್ನೊಬ್ಬರದಾದರೂ ಬೆಳೆ ತನ್ನದು. ಹಿರಿಯ ಕವಿಯ ಸಾಲನ್ನೇ ಎತ್ತಿ, ಅದು ಅವರದೆಂದು ಕೇಳುಗರಿಗೆ ತಿಳಿಯುವಂತೆ ತನ್ನ ಪದ್ಯದಲ್ಲಿ ಕೂರಿಸಿದರೆ ಅದು ತಜ್ಮೀನ್. ಇಬ್ಬರು ಕವಿಗಳು ಒಬ್ಬರನ್ನೊಬ್ಬರು ಅರಿಯದೆ ಒಂದೇ ಸಾಲನ್ನು ಬರೆದರೆ ತವಾರುದ್, ಕಾಕತಾಳೀಯ. ತೆಗೆದು ಬಚ್ಚಿಟ್ಟರೆ ಮಾತ್ರ ಸರ್ಕಾ, ಅಂದರೆ ಕಳವು. ತೆಗೆದ ಸಾಲು ಉದ್ದವೋ ಗಿಡ್ಡವೋ ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ. ಬಚ್ಚಿಟ್ಟಿರಾ ಎಂಬುದೇ ಪ್ರಶ್ನೆ.

ಇದೇ ತಕ್ಕಡಿಯಲ್ಲಿ ಕಿಕ್ ಡ್ರಮ್ಮನ್ನು ತೂಗಬಹುದು. ಹಳೆಯ ಹಾಡನ್ನು ಕೇಳಿ ಕೇಳಿ ಅದೇ ಪೆಟ್ಟನ್ನು ತನ್ನ ಕಾಲಿನಿಂದ ಹೊಡೆಯಲು ಕಲಿತವನದು ತರಹ್. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808ರಂಥ ಯಂತ್ರದಲ್ಲಿ ಸದ್ದು ವಿದ್ಯುತ್ತಿನಿಂದಲೇ ಹುಟ್ಟುತ್ತದೆ. ಗುಂಡಿ ಒತ್ತಿದವರಿಗೆಲ್ಲ ಸಿಗುವುದು ಅದೇ 'ಧುಮ್' ಆದ್ದರಿಂದ ಅಲ್ಲಿ ಯಾವ ಡ್ರಮ್ಮರನ ಹಂಗೂ ಇಲ್ಲ. ಆದರೆ ಮುದ್ರಿತ ಹಾಡಿನಿಂದ ಕತ್ತರಿಸಿದ ಪೆಟ್ಟು ಹೀಗಲ್ಲ. ಅದರಲ್ಲಿ ಒಬ್ಬನ ಕಾಲಿನ ಭಾರವಿದೆ, ಅವನ ವರ್ಷಗಳ ರಿಯಾಜ್ ಇದೆ, ಮೈಕನ್ನು ಎಲ್ಲಿ ಇಡಬೇಕೆಂದು ತಿಳಿದಿದ್ದ ಇನ್ನೊಬ್ಬನ ಕಿವಿಯಿದೆ. ಅದನ್ನು ತಜ್ಮೀನ್ ಮಾಡಬಹುದು, ಸರ್ಕಾ ಮಾಡಬಹುದು. ಆಯ್ಕೆ ತೆಗೆದವನದು.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ತಳ್ಳಿಹಾಕುವಂತಿಲ್ಲ. ಒಂದು ಪೆಟ್ಟು ಒಂದು ಅಕ್ಷರವಿದ್ದಂತೆ, 'ಅ' ಎಂಬ ಅಕ್ಷರಕ್ಕೆ ಯಾರಾದರೂ ಒಡೆಯರುಂಟೆ ಎಂದು ಕೇಳುತ್ತಾರೆ. ನಿಜ, 'ಅ' ಎಲ್ಲರದು. ಆದರೆ ಒಬ್ಬ ಖುಷ್‌ನವೀಸ್, ಅಂದರೆ ಅಕ್ಷರಗಾರ, ತನ್ನ ಕಲಮಿನಿಂದ ಬರೆದಿಟ್ಟ ಅಲಿಫ್‌ ಅನ್ನು ಕತ್ತರಿಸಿ ನನ್ನ ಪುಸ್ತಕದ ಮುಖಪುಟಕ್ಕೆ ಅಂಟಿಸಿಕೊಂಡರೆ ನಾನು ಅಕ್ಷರವನ್ನು ಬಳಸಿದಂತಲ್ಲ, ಅವನ ಕೈಯನ್ನು ಬಳಸಿದಂತೆ. ಡ್ರಮ್ಮರನಿಗೆ ಅಂದೇ ಕೂಲಿ ಸಂದಿದೆಯಲ್ಲ ಎಂಬುದು ಇನ್ನೊಂದು ಮಾತು. ಸಂದಿದೆ, ಆ ಒಂದು ಹಾಡಿಗೆ. ಮುಂದೆ ಅದೇ ಕಾಲು ಸಾವಿರ ಹಾಡುಗಳಲ್ಲಿ ದುಡಿಯಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ಕೂಲಿ ಕೊಟ್ಟವರಿಗೂ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ವಾದ ಬಡತನದ್ದು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲೋ, ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲೋ ದುಡಿದು, ರಾತ್ರಿ ಕೂತು ಮಿಕ್ಸ್ ಮಾಡುವ ಹುಡುಗ ಡ್ರಮ್ ಸೆಟ್ ಎಲ್ಲಿಂದ ಕೊಂಡಾನು? ಬೆಂಗಳೂರಿನ ಸ್ಟುಡಿಯೊ ಬಾಡಿಗೆ ಎಲ್ಲಿಂದ ಕೊಟ್ಟಾನು? ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಕರಿಯ ಹುಡುಗರದೂ ಇದೇ ಕಥೆ. ಡಿಜೆ ಕೂಲ್ ಹರ್ಕ್ 1973ರ ಹೊತ್ತಿಗೆ ಎರಡು ರೆಕಾರ್ಡ್ ಪ್ಲೇಯರುಗಳನ್ನು ಮುಂದಿಟ್ಟುಕೊಂಡು ಡ್ರಮ್ಮಿನ ತುಣುಕನ್ನು ಹಿಗ್ಗಿಸಿದ್ದರಿಂದಲೇ ಹಿಪ್‌ಹಾಪ್ ಹುಟ್ಟಿತು. ಇಲ್ಲದವರಿಗೆ ಹಳೆಯ ಹಾಡುಗಳೇ ವಾದ್ಯದ ಅಂಗಡಿ. ಈ ಬಾಗಿಲನ್ನು ಮುಚ್ಚಬೇಕೆನ್ನುವವರು ಸಂಗೀತವನ್ನು ದುಡ್ಡಿದ್ದವರಿಗೆ ಬಿಟ್ಟುಕೊಟ್ಟಂತೆ. ನಾನು ಅವರ ಜೊತೆಗಿಲ್ಲ. ಆದರೆ ಬಡತನ ತೆನೆ ಮುರಿಯಲು ಕಾರಣವಾಗಬಹುದೇ ಹೊರತು, ಆ ಹೊಲದಲ್ಲಿ ದುಡಿದವನನ್ನು ಮರೆಯಲು ಕಾರಣವಾಗದು. ಕೋಲ್ಮನ್ನನೂ ಬಡವನೇ ಆಗಿದ್ದ.

ನಮ್ಮ ಜಿಲ್ಲೆಯಲ್ಲಿ ಈ ಮಾತು ಹೊಟ್ಟೆಪಾಡಿನ ಹತ್ತಿರಕ್ಕೇ ಬರುತ್ತದೆ. ಇಲ್ಲಿನ ಹಳ್ಳಿಗಳಲ್ಲಿ ಪೀರಲ ಹಬ್ಬವೆಂದರೆ ಅಲಾಯಿ ಕುಣಿಯ ಸುತ್ತ ಹಲಗಿ ಇರಲೇಬೇಕು. ಜಾತ್ರೆಗೂ ಹಲಗಿ, ಸಾವಿಗೂ ಹಲಗಿ. ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸಿ ಬಾರಿಸುವವರು ದಲಿತ ಕೇರಿಯವರು. ಸದ್ದು ಊರಿಗೆಲ್ಲ ಬೇಕಿತ್ತು, ಬಾರಿಸಿದವನು ಮಾತ್ರ ಅಂಗಳದಾಚೆಯೇ ನಿಲ್ಲಬೇಕಿತ್ತು. ಈಗ ಜಾನಪದ ಡಿಜೆ ಹಾಡುಗಳಲ್ಲಿ ಅದೇ ಹಲಗಿಯ ಪೆಟ್ಟು ಕಿಕ್ ಡ್ರಮ್ಮಿನ ಜೊತೆ ಸೇರಿ ಲಾರಿಯಷ್ಟೆತ್ತರದ ಸ್ಪೀಕರಿನಿಂದ ಬರುತ್ತದೆ. ಕುರುಗೋಡಿನ ಕಡೆಯ ವಯಸ್ಸಾದ ಹಲಗಿಯವರೊಬ್ಬರು ಹೇಳಿದ ಮಾತಿನಲ್ಲಿ ಸಿಟ್ಟೂ ಇರಲಿಲ್ಲ: "ಡಿಜೆದಾಗ ಹಲಗಿ ಐತಲ್ಲ, ನಿಮ್ಮನ್ನ ಯಾಕ ಕರೀಬೇಕು ಅಂತಾರ್ರಿ ಸಾಹೇಬ್ರೆ." ಸದ್ದನ್ನು ಒಳಗೆ ಕರೆದು ಮನುಷ್ಯನನ್ನು ಹೊರಗಿಡುವ ಹಳೆಯ ರೂಢಿಗೆ 'ಕ್ಲೀನ್' ಎಂಬ ಹೊಸ ಹೆಸರು ಸಿಕ್ಕಿದೆಯೇ ಎಂದು ಅನುಮಾನವಾಗುತ್ತದೆ. ಮಡಿ ಎಂಬುದಕ್ಕೂ ಕ್ಲೀನ್ ಎಂದೇ ಅರ್ಥ ತಾನೆ?

ಹಾಗಾದರೆ ಮಾಡುವುದೇನು? ಹಿಂದುಸ್ತಾನಿ ಗಾಯಕರು ಉಸ್ತಾದರ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ತಾನು ಹಾಡುತ್ತಿರುವುದು ತನ್ನೊಬ್ಬನದಲ್ಲ ಎಂಬ ಒಪ್ಪಿಗೆ ಅದು. ನಮ್ಮ ವಚನಗಳಿಗೆ, ತತ್ವಪದಗಳಿಗೆ ಕೊನೆಯಲ್ಲಿ ಅಂಕಿತವಿದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಇಂದಿಗೂ ಅವರ ಪದ ಹಾಡುವವರು ಬೇಕೆಂದರೂ ಬೇಡವೆಂದರೂ ಅವರ ಅಂಕಿತವನ್ನು ಹಾಡಲೇಬೇಕು, ಏಕೆಂದರೆ ಅದು ಪದದೊಳಗೇ ನೇಯ್ದುಕೊಂಡಿದೆ. ಪೆಟ್ಟಿಗೆ ಆ ಭಾಗ್ಯವಿಲ್ಲ. 'ಧಬ್' ಎಂಬ ಸದ್ದು ಹೆಸರನ್ನು ಹೊರಲಾರದು. ತಾನೇ ಹೊರಲಾರದ್ದನ್ನು ಅದರ ಪರವಾಗಿ ಹೊರಬೇಕಾದವನು ಎತ್ತಿಕೊಂಡವನು. 60 ವರ್ಷ ಕಳೆದ ಮೇಲೆ ಕಾನೂನಿನ ಹಂಗು ತೀರಬಹುದು, ಹೆಸರಿನ ಹಂಗು ತೀರುವುದಿಲ್ಲ.

ಇದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. 'ಕಿಕ್ 01' ಎಂಬುದನ್ನು ಅಳಿಸಿ ಹಾಡಿನ ಹೆಸರು, ವರ್ಷ, ಗೊತ್ತಾದರೆ ಬಾರಿಸಿದವರ ಹೆಸರನ್ನು ಆ ಫೈಲಿಗೇ ಇಟ್ಟುಕೊಳ್ಳಬಹುದು. ಹಾಡನ್ನು ಯೂಟ್ಯೂಬಿಗೆ ಏರಿಸುವಾಗ ಕೆಳಗೆ ಒಂದು ಸಾಲು ಬರೆಯಬಹುದು. ದುಡ್ಡು ಹುಟ್ಟಿದರೆ ಒಡೆಯರ ಅನುಮತಿ ಕೇಳಬೇಕು, ಅದು ಕಾನೂನಿನ ಸಾಲ. ಇನ್ನು ಹಲಗಿಯ ಸದ್ದು ಬೇಕೆಂದಾಗ ಅದು ಯಾರ ಕೈಯದೆಂದು ಹುಡುಕುವ ಕಷ್ಟವೂ ಇಲ್ಲ. ಆ ಕೈಗಳು ಪಕ್ಕದ ಕೇರಿಯಲ್ಲೇ ಇವೆ. ಅವರನ್ನು ಕರೆದು, ಕೂಲಿ ಕೊಟ್ಟು, ಎದುರಿಗೆ ಕೂರಿಸಿಕೊಂಡು ಮುದ್ರಿಸಿಕೊಳ್ಳಲಿ. ಹಬ್ಬದ ದಿನ ಸ್ಪೀಕರಿನ ಲಾರಿಯ ಮುಂದೆ ಅವರ ಹಲಗಿಯೂ ನುಡಿಯಲಿ. ಆಗ ಆ ಹುಡುಗರು ಕೇಳಿದ ಲೆಕ್ಕದಲ್ಲಿ ಒಂದು ಭಾಗವಾದರೂ ಚುಕ್ತಾ ಆಗುತ್ತದೆ.