ಬಿದ್ದುಹೋಗುವ ಹಲ್ಲಿಗೆ ಆರೈಕೆ ಯಾಕೆ?

ಮಗುವಿನ ಹಾಲುಹಲ್ಲು ಉದುರಿದರೆ ಅದನ್ನು ಸೆಗಣಿ ಉಂಡೆಯೊಳಗೆ ಹುದುಗಿಸಿ ಮಾಡಿನ ಮೇಲೆ ಎಸೆಯುವ ರೂಢಿ ಕರ್ನಾಟಕದ ಎಷ್ಟೋ ಊರುಗಳಲ್ಲಿತ್ತು, ಕೆಲವೆಡೆ ಈಗಲೂ ಇದೆ. ಉದುರಿದ ಹಲ್ಲನ್ನು ಕಂಡಕಂಡಲ್ಲಿ ಬಿಸಾಡುವಂತಿಲ್ಲ, ಅದಕ್ಕೊಂದು ಮರ್ಯಾದೆಯಿದೆ. ಆದರೆ ಅದೇ ಹಲ್ಲು ಬಾಯಲ್ಲಿದ್ದಾಗ ಹುಳುಕಾಗಿ, ಮಗು ಒಂದೇ ಕಡೆಯಿಂದ ಅಗಿಯಲು ಶುರುಮಾಡಿದರೆ ಮನೆಯವರು ಆಡುವ ಮಾತು ಬೇರೆ: ‘ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುತ್ತೆ ಬಿಡು.’

ಅಡುಗೆಮನೆಯಲ್ಲಿ ಹುಟ್ಟಿದ ಈ ಮಾತಿನೊಳಗೆ ಹಳೆಯ ತತ್ತ್ವಪ್ರಶ್ನೆಯೊಂದು ಕೂತಿದೆ. ಉಳಿಯದಿರುವುದನ್ನು ಕಾಪಾಡಬೇಕೆ? ಎಲ್ಲವೂ ಅನಿತ್ಯ ಎಂದು ಬೋಧಿಸಿದ ಬುದ್ಧನನ್ನೇ ಕೇಳಬಹುದು. ವಿನಯಪಿಟಕದ ಚುಲ್ಲವಗ್ಗದಲ್ಲಿ ಅವನು ಭಿಕ್ಷುಗಳಿಗೆ ಹಲ್ಲುಕಡ್ಡಿ ಬಳಸಲು ಹೇಳುತ್ತಾನೆ. ಬಳಸದಿದ್ದರೆ ಬಾಯಿ ನಾರುತ್ತದೆ, ಊಟ ರುಚಿಸುವುದಿಲ್ಲ ಎಂಬುದೂ ಸೇರಿ ಐದು ಕೆಡುಕುಗಳನ್ನು ಎಣಿಸುತ್ತಾನೆ. ಮನೆಮಠ ತೊರೆದವರಿಗೂ ಹಲ್ಲಿನ ಆರೈಕೆ ತಪ್ಪಲಿಲ್ಲ. ಚರಕಸಂಹಿತೆ ದಿನಕ್ಕೆರಡು ಹೊತ್ತು ಹಲ್ಲುಜ್ಜಬೇಕೆನ್ನುತ್ತದೆ. ದೇಹ ನಶ್ವರವೆಂಬುದು ಇವರಿಗೆಲ್ಲ ಚೆನ್ನಾಗಿ ಗೊತ್ತಿತ್ತು, ಆದರೂ ಅದನ್ನು ಅಸಡ್ಡೆಗೆ ನೆಪ ಮಾಡಿಕೊಳ್ಳಲಿಲ್ಲ.

ಅಷ್ಟಕ್ಕೂ ಹಾಲುಹಲ್ಲು ಅಂಥ ಕ್ಷಣಿಕವೂ ಅಲ್ಲ. ಸುಮಾರು ಆರು ತಿಂಗಳಿಗೆ ಮೊದಲ ಹಲ್ಲು ಮೊಳೆಯುತ್ತದೆ, ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಬಿದ್ದರೂ ಹಿಂದಿನ ದವಡೆ ಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕು. ಬಾಲ್ಯದ ಬಹುಪಾಲು ಊಟ ನಡೆಯುವುದು ಅವುಗಳಿಂದಲೇ. ಜೊತೆಗೆ ಅವು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದುಕೊಂಡಿರುತ್ತವೆ. ಹುಳುಕಿನಿಂದ ಒಂದನ್ನು ಬೇಗ ಕೀಳಬೇಕಾಗಿ ಬಂದರೆ ಪಕ್ಕದ ಹಲ್ಲುಗಳು ಆ ಖಾಲಿ ಜಾಗಕ್ಕೆ ವಾಲುತ್ತವೆ, ಆಮೇಲೆ ಬರುವ ಹಲ್ಲು ಸೊಟ್ಟಗೆ ಬರಬಹುದು. ಇನ್ನೊಂದು ಎಡವಟ್ಟು ಆರನೇ ವರ್ಷದ ಸುಮಾರಿಗೆ ಆಗುತ್ತದೆ. ಯಾವ ಹಲ್ಲೂ ಬೀಳದೆಯೇ ಹಾಲುಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲೊಂದು ಸದ್ದಿಲ್ಲದೆ ಮೂಡುತ್ತದೆ. ಅದು ಶಾಶ್ವತದ್ದು. ಬೀಳುವ ಹಲ್ಲೆಂದೇ ತಿಳಿದು ಎಷ್ಟೋ ಮನೆಗಳು ಅದನ್ನೂ ಹಾಳಾಗಲು ಬಿಡುತ್ತವೆ.

ಎರಡನೆಯ ನೆಪ ಹಣೆಬರಹದ್ದು. ‘ಅವರಪ್ಪನದೂ ಹುಳುಕು ಹಲ್ಲೇ, ಪಡೆದುಕೊಂಡು ಬಂದದ್ದು’ ಎನ್ನುತ್ತಾರೆ. ‘ಹುಳುಕು’ ಎಂಬ ಪದವೇ ಹುಳ ತಿಂದದ್ದೆಂಬ ಹಳೆಯ ನಂಬಿಕೆಯನ್ನು ಹೊತ್ತಿದೆ. ಮೆಸಪೊಟೇಮಿಯದ ಮಣ್ಣಿನ ಫಲಕಗಳಲ್ಲೂ ಹಲ್ಲಿನ ಹುಳ ಓಡಿಸುವ ಮಂತ್ರವಿದೆ. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೊಶಾರ್ 1728ರಲ್ಲಿ ಆ ಹುಳವನ್ನು ಅಲ್ಲಗಳೆದ. ಬಾಯಲ್ಲಿ ಉಳಿದ ಹಿಟ್ಟು, ಸಕ್ಕರೆಯಿಂದ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸಿ ಹಲ್ಲನ್ನು ಕರಗಿಸುತ್ತವೆ ಎಂಬುದನ್ನು ದಂತವೈದ್ಯ ವಿಲ್ಲೊಬಿ ಮಿಲ್ಲರ್ 1890ರ ತನ್ನ ಗ್ರಂಥದಲ್ಲಿ ವಿವರಿಸಿದ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಮಗುವಿಗೆ ಮೊದಲು ಕೆಡುವುದು ಮೇಲಿನ ಮುಂದಿನ ಹಲ್ಲುಗಳು. ಕೆಳಗಿನವನ್ನು ನಾಲಿಗೆ ಮುಚ್ಚಿ ಕಾಯುತ್ತದೆ. ಇಷ್ಟು ಸ್ಪಷ್ಟವಾದ ಕಾರಣವನ್ನು ಪೂರ್ವಜನ್ಮದ ತಲೆಗೆ ಕಟ್ಟುವುದು ಕರ್ಮಸಿದ್ಧಾಂತಕ್ಕೂ ಮಾಡುವ ಅನ್ಯಾಯ. ಕರ್ಮವೆಂದರೆ ಮೊದಲಿಗೆ ಮಾಡುವ ಕೆಲಸ, ಇಲ್ಲಿ ಆ ಕೆಲಸ ದೊಡ್ಡವರ ಕೈಯದು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೆಡುಕು ಎಂಬ ನಂಬಿಕೆಗೂ ಆಧಾರವಿಲ್ಲ. ಎಳೆಗೂಸಿಗೆ ಹಲ್ಲಿನ ಜೊತೆಗೇ ಅಪವಾದವನ್ನೂ ಹೊರಿಸುವುದು ಯಾವ ನ್ಯಾಯ?

ಎಲ್ಲಕ್ಕಿಂತ ಕಠಿಣವಾದದ್ದು ಚಿಕಿತ್ಸೆಗೆ ಮಗುವಿನ ಒಪ್ಪಿಗೆಯ ಪ್ರಶ್ನೆ. ಕಠೋಪನಿಷತ್ತಿನಲ್ಲಿ ಯಮ ಹಿತವಾದ ಶ್ರೇಯಸ್ಸು ಮತ್ತು ಪ್ರಿಯವಾದ ಪ್ರೇಯಸ್ಸುಗಳ ಭೇದವನ್ನು ಹೇಳುವುದು ಬಾಲಕ ನಚಿಕೇತನಿಗೆ. ಆನೆ, ಚಿನ್ನ, ದೀರ್ಘಾಯುಷ್ಯ ಎಲ್ಲವನ್ನೂ ನಿರಾಕರಿಸಿ ಅವನು ಶ್ರೇಯಸ್ಸನ್ನು ಆರಿಸಿಕೊಂಡ, ತಾನೇ ಆರಿಸಿಕೊಂಡ. ಒಂದು ವರ್ಷದ ಕೂಸಿಗೆ ಅದಾಗದು, ಹೆತ್ತವರೇ ಆರಿಸಬೇಕು. ಹಾಗೆಂದು ಮಗುವಿನ ‘ಬೇಡ’ಕ್ಕೆ ಬೆಲೆಯೇ ಇಲ್ಲವೆ? ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆ, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಮಗುವಿನ ಮಾತಿಗೆ ತೂಕ ಕೊಡಬೇಕೆನ್ನುತ್ತದೆ. ನೋವು ಬಂದ ಮೇಲೆ ದಂತವೈದ್ಯರ ಬಳಿ ಹೊತ್ತೊಯ್ದರೆ ಆ ತೂಕಕ್ಕೆ ಜಾಗವೇ ಇರುವುದಿಲ್ಲ. ಕೆನ್ನೆ ಊದಿದೆ, ರಾತ್ರಿ ನಿದ್ದೆಯಿಲ್ಲ, ಹಿಡಿದು ಕೂರಿಸಿ ಚಿಕಿತ್ಸೆ ಮಾಡದೆ ವಿಧಿಯಿಲ್ಲ. ಅದರ ಮೇಲೆ ‘ಹಟ ಮಾಡಿದ್ರೆ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ ಸೂಜಿ ಚುಚ್ಚಿಸ್ತೀನಿ’ ಎಂದು ವರ್ಷಗಟ್ಟಲೆ ಹೆದರಿಸಿಟ್ಟಿರುವ ಮನೆಗಳೂ ಇವೆ. ಬೇಗ ಹೋಗುವುದರ ನೈತಿಕ ಅರ್ಥ ಇಲ್ಲಿದೆ: ನೋವಿಲ್ಲದಾಗ ಮಾತ್ರ ಮಗುವಿಗೆ ನೋಡಲು, ಮುಟ್ಟಲು, ಒಪ್ಪಲು ಪುರುಸೊತ್ತು ಸಿಗುತ್ತದೆ. ಮಕ್ಕಳ ದಂತವೈದ್ಯರು ಮೊದಲು ಹೇಳಿ, ಆಮೇಲೆ ತೋರಿಸಿ, ಕೊನೆಗೆ ಮಾಡುವ ಕ್ರಮ ಇಟ್ಟುಕೊಂಡಿರುವುದೂ ಇದೇ ಪುರುಸೊತ್ತನ್ನು ನಂಬಿ.

ಹಾಗಾದರೆ ಯಾವಾಗ? ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ಹೆಚ್ಚೆಂದರೆ ಮೊದಲ ಹುಟ್ಟುಹಬ್ಬದೊಳಗೆ ಎನ್ನುತ್ತಾರೆ ಮಕ್ಕಳ ದಂತವೈದ್ಯರು. ಎಷ್ಟು ಫ್ಲೋರೈಡ್ ಪೇಸ್ಟ್ ಎಂಬುದನ್ನೂ ಆಗಲೇ ಕೇಳಿಕೊಳ್ಳಬಹುದು: ಮೂರು ವರ್ಷದವರೆಗೆ ಒಂದು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಕೋಲಾರ, ಪಾವಗಡದಂಥ ಕಡೆ ಕೊಳವೆಬಾವಿ ನೀರಲ್ಲೇ ಫ್ಲೋರೈಡ್ ಹೆಚ್ಚಿರುವುದರಿಂದ ಕುಡಿಯುವ ನೀರು ಎಲ್ಲಿಯದೆಂದು ವೈದ್ಯರಿಗೆ ತಿಳಿಸಬೇಕು.

ಆ ಮೊದಲ ಭೇಟಿಯಲ್ಲಿ ದೊಡ್ಡ ಕುರ್ಚಿ ಬೇಕಿಲ್ಲ. ತಾಯಿಯೂ ವೈದ್ಯರೂ ಎದುರುಬದುರು ಮಂಡಿಗೆ ಮಂಡಿ ತಾಗಿಸಿ ಕೂರುತ್ತಾರೆ. ಮಗುವಿನ ಕಾಲು ಅಮ್ಮನ ಸೊಂಟದ ಎರಡೂ ಬದಿಗೆ, ತಲೆ ವೈದ್ಯರ ತೊಡೆಯ ಮೇಲೆ. ಮಗು ಅಮ್ಮನ ಮುಖವನ್ನೇ ನೋಡುತ್ತಾ ಅಳುತ್ತದೆ. ಅತ್ತಾಗ ಬಾಯಿ ಅಗಲವಾಗಿ ತೆರೆಯುತ್ತದೆ, ಒಸಡಿನಂಚಿನಲ್ಲಿ ಹುಳುಕಿನ ಮೊದಲ ಗುರುತಾದ ಸುಣ್ಣದಂಥ ಬಿಳಿ ಗೆರೆಯೇನಾದರೂ ಇದೆಯೇ ಎಂದು ವೈದ್ಯರು ನೋಡಿಬಿಡುತ್ತಾರೆ. ಎರಡು ನಿಮಿಷದಲ್ಲಿ ಮಗು ಮತ್ತೆ ಅಮ್ಮನ ಹೆಗಲ ಮೇಲಿರುತ್ತದೆ, ಬಿಕ್ಕುತ್ತಲೇ ವೈದ್ಯರ ಕೈಯಲ್ಲಿರುವ ಪುಟ್ಟ ಕನ್ನಡಿಯತ್ತ ಕೈಚಾಚುತ್ತಾ.